ಹೊಲಿಗೆ ಮಿಷಿನ್ನಿನ ಎಣ್ಣೆ

ಕಾಲರಿನ ಅಂಚಿಗೆ ಎರಡನೆಯ ಹೊಲಿಗೆ ಓಡುತ್ತಿರುವಾಗಲೇ ದರ್ಜಿಯಮ್ಮ ಎಡಗೈ ಚಾಚಿ ಕಂಪ್ಯೂಟರಿನ ಗುಂಡಿ ಒತ್ತಿದಳು. ಅದು ಅವಳ ರೂಢಿ. ಆ ಪೆಟ್ಟಿಗೆ ಗುರುಗುಟ್ಟಿ, ಮೈಮುರಿದು ಏಳುವಷ್ಟರಲ್ಲಿ ಒಂದು ಕಾಲರು ಮುಗಿಯುತ್ತದೆ. ಅದರ ಮುಂದೆ ಕೈಕಟ್ಟಿ ಕೂರುವುದು ಅವಳಿಂದಾಗದು. ಕಾಲರು ಮುಗಿಯಿತು. ದಾರ ಕತ್ತರಿಸಿ ತಲೆಯೆತ್ತಿದರೆ ಪರದೆ ಕಪ್ಪಗೇ ಇತ್ತು. ಗುರುಗುಟ್ಟುವ ಸದ್ದೂ ಇಲ್ಲ.

ಮತ್ತೆ ಒತ್ತಿದಳು. ಹೆಬ್ಬೆರಳಿನಿಂದ ಒತ್ತಿದಳು, ಒತ್ತಿ ಹಿಡಿದಳು, ಬಿಟ್ಟಳು. ಕಲ್ಲಿಗೆ ಒತ್ತಿದ ಹಾಗಿತ್ತು.

ಬೇರೆ ದಿನವಾಗಿದ್ದರೆ ‘ಹಾಳಾಗಿ ಹೋಗು’ ಅಂದು ಇನ್ನೊಂದು ಕಾಲರು ಎತ್ತಿಕೊಳ್ಳುತ್ತಿದ್ದಳು. ಇವತ್ತು ಹಾಗನ್ನುವಂತಿರಲಿಲ್ಲ. ನಾಳೆ ಬೆಳಗ್ಗೆ ಅವಳ ತಂಗಿಗೆ ಹೃದಯದ ಆಪರೇಷನ್. ಅಷ್ಟರೊಳಗೆ ತಂಗಿಗೆ ಒಂದು ಉತ್ತರ ತಲುಪಬೇಕಿತ್ತು.

ತಂಗಿ ಕೇಳಿದ್ದು ದೊಡ್ಡದೇನಲ್ಲ. ‘ಆಸ್ಪತ್ರೆಯಿಂದ ಬಿಟ್ಟಮೇಲೆ ನಿನ್ನ ಮನೆಯಲ್ಲಿ ಬಂದಿರಲಾ ಅಕ್ಕಾ? ಫೋನಿನಲ್ಲಿ ಹೇಳಬೇಡ. ನೀನು ಅಳುತ್ತೀ, ನೀನು ಏನು ಹೇಳಿದರೂ ನಾನು ಹೂಂ ಅಂದುಬಿಡುತ್ತೇನೆ. ಯೋಚಿಸಿ ಬರೆ,’ ಎಂದು ಪಕ್ಕದ ಮನೆಯವಳ ಕೈಲಿ ಮೇಲ್ ಹಾಕಿಸಿದ್ದಳು. ಅದು ಬಂದು ತಿಂಗಳುಗಳೇ ಕಳೆದಿದ್ದವು. ಉತ್ತರವೂ ಅಷ್ಟೇ ತಿಂಗಳಿಂದ ಕಂಪ್ಯೂಟರಿನೊಳಗೆ ಕೂತಿತ್ತು. ದಿನಾ ಎರಡು ಸಾಲು ಬರೆಯುವುದು, ಒಂದು ಅಳಿಸುವುದು. ಬಾ ಅನ್ನಲು ಗಂಡನ ಬಾಯಿಂದ ಹೂಂ ಬೇಕು. ಬೇಡ ಅನ್ನಲು ಅವಳಿಗೇ ಮನಸ್ಸಿಲ್ಲ.

ಗಂಡನನ್ನು ಕೇಳುವುದಾದರೂ ಹೇಗೆ? ಅವನು ಲಿಫ್ಟ್ ರಿಪೇರಿ ಮಾಡುತ್ತಿದ್ದವನು. ನೆಂಟರಿಷ್ಟರ ಮನೆಯ ಫ್ಯಾನು, ಗಡಿಯಾರಗಳೆಲ್ಲ ಅವನ ಕೈಗೇ ಬರುತ್ತಿದ್ದವು. ತಂಗಿಯ ಗಂಡ ಹಾಸಿಗೆ ಹಿಡಿದಿದ್ದಾಗ, ಅವನು ತಲೆದೆಸೆಯಲ್ಲಿಟ್ಟು ಕೇಳುತ್ತಿದ್ದ ರೇಡಿಯೋ ಕೆಟ್ಟಿತು. ಇವನು ಬಿಚ್ಚಿದ, ಅದು ಮತ್ತೆ ಬಾಯಿ ಬಿಡಲಿಲ್ಲ. ಅದೇ ವಾರ ಆ ಮನುಷ್ಯನೂ ಹೋದ. ಸಂಕಟದಲ್ಲಿದ್ದ ತಂಗಿ ಎಲ್ಲರೆದುರು, ‘ಭಾವ ಮುಟ್ಟಿದ್ದು ಯಾವುದು ಉಳಿದಿದೆ?’ ಅಂದುಬಿಟ್ಟಳು. ಆಮೇಲೆ ಅತ್ತಳು, ತಪ್ಪಾಯಿತು ಅಂದಳು. ಇವನು ಮನೆಗೆ ಬಂದು ಸ್ಕ್ರೂಡ್ರೈವರುಗಳನ್ನೆಲ್ಲ ಬಟ್ಟೆಯಲ್ಲಿ ಸುತ್ತಿ ಕಪಾಟಿನ ಮೇಲಕ್ಕೆ ಎಸೆದ. ಅಂದಿನಿಂದ ಬಲ್ಬು ಬದಲಿಸಲೂ ಯಾರನ್ನಾದರೂ ಕರೆಸುವವನು.

ರಿಪೇರಿ ಅಂಗಡಿಗೆ ಫೋನ್ ಮಾಡಿದಳು. “ತಂದಿಟ್ಟು ಹೋಗಿಮ್ಮಾ, ಸೋಮವಾರ ನೋಡೋಣ,” ಅಂದ ಅಂಗಡಿಯವನು.

“ಏನ್ರೀ, ಕಂಪ್ಯೂಟರ್ ಸತ್ತೋಗಿದೆ.”

“ಕರೆಂಟ್ ಇದೆಯಾ?” ಗಂಡ ಪತ್ರಿಕೆಯಿಂದ ತಲೆ ಎತ್ತಲಿಲ್ಲ.

“ನಿಮ್ಮ ತಲೆ ಮೇಲೆ ಫ್ಯಾನ್ ತಿರುಗ್ತಿದೆಯಲ್ಲ, ಅದೇನು ನಾನು ಊದ್ತಿದ್ದೀನಾ?”

“ಫ್ಯಾನಿಗೆ ಬಂದ್ರೆ ಆ ಪ್ಲಗ್ಗಿಗೂ ಬರಬೇಕು ಅಂತಿಲ್ಲ. ಟೇಬಲ್ ಲ್ಯಾಂಪ್ ಅಲ್ಲಿಗೆ ಚುಚ್ಚಿ ನೋಡು.”

ಲ್ಯಾಂಪ್ ಹತ್ತಿತು.

“ಸರಿ, ಗೋಡೆ ಬದುಕಿದೆ. ಪರದೆ ವೈರು, ಪೆಟ್ಟಿಗೆ ವೈರು ಎರಡೂ ಒಂದೇ ತರ. ಅದಲು ಬದಲು ಮಾಡು.”

ಯಾವ ವೈರು ಹಾಕಿದರೂ ಪರದೆಯ ಪುಟ್ಟ ದೀಪ ಮಿನುಗಿತು; ಪೆಟ್ಟಿಗೆ ಮಾತ್ರ ಮುನಿದೇ ಇತ್ತು. ಹಿಂಬದಿಯ ಸ್ವಿಚ್ಚೂ ಹಾಕಿಯೇ ಇತ್ತು.

“ಹಾಗಾದ್ರೆ ಬಿಚ್ಚಬೇಕು,” ಎಂದು ಗಂಡ ಪುಟ ಮಗುಚಿದ.

“ಬಿಚ್ಚಿ ಮತ್ತೆ.”

“ನಾನಾ?”

“ಇನ್ನೇನು ನಾನಾ? ನಂಗೆ ಬಿಚ್ಚೋಕೆ ಬರೋದು ಹೊಲಿಗೆ ಒಂದೇ.”

“ಅಂಗಡಿಗೆ ಕೊಡು. ಸೋಮವಾರ ಆದ್ರೆ ಏನೀಗ? ಅದ್ರಲ್ಲಿ ಅಂಥ ಅರ್ಜೆಂಟ್ ಏನಿದೆ?”

ಇನ್ನು ಮುಚ್ಚಿಡಲು ಹೊತ್ತಿರಲಿಲ್ಲ. “ತಂಗಿಗೆ ಬರೆದ ಕಾಗದ ಇದೆ,” ಅಂದಳು. “ಇಲ್ಲಿ ಬಂದಿರಲಾ ಅಂತ ಕೇಳಿದ್ಲು. ನಾಳೆ ಅವಳ ಆಪರೇಷನ್.”

ಅವನು ಪತ್ರಿಕೆ ಮಡಚಿದ. ಮಡಚಿದ್ದನ್ನೇ ಮತ್ತೊಮ್ಮೆ ಮಡಚಿದ.

“ಯಾವಾಗ ಕೇಳಿದ್ದು?”

“ಬೇಸಿಗೆಯಲ್ಲಿ.”

“ನಂಗೆ ಹೇಳ್ಲಿಲ್ಲ.”

“ಅವಳ ಸುದ್ದಿ ಎತ್ತಿದ್ರೆ ನೀವು ಎದ್ದು ಹೋಗ್ತೀರ.”

ಅವನು ಎದ್ದೇ ಹೋದ. ದರ್ಜಿಯಮ್ಮ ಅರ್ಧ ಹೊಲಿದ ಅಂಗಿಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತಳು. ಚಪ್ಪಲಿ ಮೆಟ್ಟುವ ಸದ್ದಿಗೆ ಕಿವಿ ಕಾಯುತ್ತಿತ್ತು. ಒಳಕೋಣೆಯಲ್ಲಿ ಸ್ಟೂಲು ಎಳೆದ ಸದ್ದು ಕೇಳಿಸಿತು. ಅವನು ಹೊರಬಂದಾಗ ಕೈಯಲ್ಲಿ ಧೂಳು ಹಿಡಿದ ಬಟ್ಟೆಯ ಸುರುಳಿ ಇತ್ತು.

“ಪ್ಲಗ್ ತೆಗಿ. ಟಾರ್ಚ್ ಹಿಡ್ಕೋ,” ಅಂದ.

ಮುಚ್ಚಳ ಕಳಚಿದರೆ ಒಳಗೆಲ್ಲ ಬಟ್ಟೆಯ ನಾರುಧೂಳು ಮೆತ್ತಗೆ ಹಾಸಿಕೊಂಡಿತ್ತು. “ಇದೇನೇ, ದಿಂಬು ತುಂಬಬಹುದಲ್ಲೇ!” ಎಂದು ಬಣ್ಣದ ಕುಂಚದಿಂದ ಗುಡಿಸಿದ. ಮತ್ತೆ ಪ್ಲಗ್ ಹಾಕಿದಾಗ ಒಳಗಿನ ಸರ್ಕ್ಯೂಟ್ ಹಲಗೆಯ ಮೇಲೆ ಸಾಸಿವೆಯಷ್ಟು ಹಸಿರು ದೀಪ ಹತ್ತಿತು.

“ನೋಡು, ಇಲ್ಲೀವರೆಗೂ ಕರೆಂಟ್ ಬಂದಿದೆ. ಈಗ ಗುಂಡಿ ಒತ್ತು.”

ಏನೂ ಆಗಲಿಲ್ಲ. ಗುಂಡಿಯಿಂದ ಹಲಗೆಗೆ ಎರಡು ತೆಳ್ಳನೆಯ ವೈರು ಹೋಗಿದ್ದವು. ಅವನ್ನು ಕಿತ್ತರೆ ಅಡಿಯಲ್ಲಿ ಸೂಜಿಯಂಥ ಎರಡು ಮುಳ್ಳು. ಸ್ಕ್ರೂಡ್ರೈವರಿನ ತುದಿಯನ್ನು ಅವುಗಳ ಹತ್ತಿರ ತಂದ. ಮುಟ್ಟಿಸದೆ ಹಿಂದಕ್ಕೆಳೆದ.

“ಈ ಎರಡನ್ನೂ ಕೂಡಿಸಿದ್ರೆ ಗುಂಡಿ ಒತ್ತಿದ ಹಾಗೇ. ಆದ್ರೆ ನಾನು ಮುಟ್ಟಿ ಇದೂ ಹೋದ್ರೆ?”

“ಹೋದ್ರೆ ಹೋಗ್ಲಿ. ಮುಟ್ಟಿ.”

ಮುಟ್ಟಿದ. ಒಳಗಿನ ಪುಟ್ಟ ಫ್ಯಾನು ಒಮ್ಮೆ ಜಗ್ಗಿ ತಿರುಗತೊಡಗಿತು. ಪೆಟ್ಟಿಗೆ ಗುರುಗುಟ್ಟಿತು.

“ಪೆಟ್ಟಿಗೆಗೆ ಏನೂ ಆಗಿಲ್ಲ, ಗುಂಡಿ ಕೆಟ್ಟಿದೆ.” ಅದನ್ನು ಕಳಚಿ ಬೆಳಕಿಗೆ ಹಿಡಿದ, ಮೂಸಿದ. “ಇದಕ್ಕೆ ಎಣ್ಣೆ ಬಿಟ್ಟಿದ್ಯಾ?”

“ಸ್ವಲ್ಪ ಬಿಗಿಯಾಗಿತ್ತು. ಮಿಷಿನ್ನಿನ ಎಣ್ಣೆ, ಒಂದೇ ತೊಟ್ಟು.”

“ಒಂದೇ ತೊಟ್ಟಾ?”

“ವಾರಕ್ಕೊಂದು. ಮಿಷಿನ್ನಿಗೆ ಬಿಡುವಾಗ ಇದಕ್ಕೂ…”

“ಎಣ್ಣೆಗೆ ಬಟ್ಟೆ ಧೂಳು ಸೇರಿ ಗೋಂದಾಗಿ ಕೂತಿದೆ. ಪುಣ್ಯ, ಕೀಬೋರ್ಡಿಗೆ ಬಿಡಲಿಲ್ಲ.”

ಅವಳು ಟಾರ್ಚನ್ನು ಬೇರೆ ಕಡೆ ತಿರುಗಿಸಿದಳು.

“ಬಿಟ್ಟಿದ್ಯಾ?”

“ಉದ್ದದ ಕೀಲಿಗೆ ಮಾತ್ರ.”

ಅವನು ನಕ್ಕುಬಿಟ್ಟ. ಅಷ್ಟರಲ್ಲಿ ಪರದೆ ಹತ್ತಿತು, ಅವಳು ಕಾಗದ ತೆರೆದಳು. ನಗು ಅಲ್ಲಿಗೇ ನಿಂತಿತು. ಕನ್ನಡಕ ಏರಿಸಿ, ಅವಳ ಹಿಂದೆ ನಿಂತು ಓದಿದ. ಮಂಡಿನೋವು, ಮೆಟ್ಟಿಲು ಕಡಿದು, ಕೋಣೆ ಚಿಕ್ಕದು, ಬಟ್ಟೆ ರಾಶಿ, ನೀನೇ ಯೋಚಿಸು… ಉದ್ದಕ್ಕೂ ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಮಾತು.

“ಇದ್ರಲ್ಲಿ ಬಾ ಅಂತ ಎಲ್ಲಿದೆ?”

“ಇಲ್ಲ.”

“ಬೇಡ ಅಂತ?”

“ಅದೂ ಇಲ್ಲ.”

ಅವನು ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸಿದ.

“ಅವಳು ಅಂದಿದ್ದು ಇನ್ನೂ ನೋಯುತ್ತೆ,” ಅಂದ ಗಂಡ. “ಇಲ್ಲ ಅಂದ್ರೆ ಸುಳ್ಳಾಗುತ್ತೆ. ಆದ್ರೆ ಎದೆ ಕೊಯ್ಸಿಕೊಂಡು ಬಂದೋಳು ಒಬ್ಬಳೇ ಹೆಂಗಿರ್ತಾಳೆ? ಬರ್ಲಿ. ಮೂಲೆ ಕೋಣೆಯ ಗಂಟುಮೂಟೆ ತೆಗೆದ್ರೆ ಮಂಚ ಹಿಡಿಯುತ್ತೆ.”

ದರ್ಜಿಯಮ್ಮ ಅಷ್ಟೂ ತಿಂಗಳ ಬರಹವನ್ನು ಅಳಿಸಿದಳು. ಅಕ್ಷರ ಹುಡುಕಿ ಹುಡುಕಿ ಹೊಸದಾಗಿ ಬರೆದಳು: ‘ಬಾ. ಮೂಲೆಯ ಕೋಣೆ ನಿನಗೆ. ಆಸ್ಪತ್ರೆಯಿಂದ ಬಿಡುವ ದಿನ ತಿಳಿಸು, ಕರೆದುಕೊಂಡು ಹೋಗಲು ಬರುತ್ತೇವೆ. ಇಂತಿ, ನಿನ್ನ ಅಕ್ಕ.’

“ಬರುತ್ತೇವೆ ಅಂತ ಬರೆದು ಒಬ್ಬಳೇ ಸಹಿ ಹಾಕಿದ್ರೆ ಹೆಂಗೆ?” ಅಂದ ಅವನು, ಕಿಟಕಿಯ ಕಡೆ ನೋಡುತ್ತ.

ಅವಳು ‘ಅಕ್ಕ’ನ ಮುಂದೆ ‘ಭಾವ’ ಎಂದು ಸೇರಿಸಿದಳು. ತಿರುಗಿ ಅವನ ಮುಖ ನೋಡಿದಳು. ಅವನು ಬೇಡವೆನ್ನಲಿಲ್ಲ. ಕಾಗದ ಕಳಿಸಿದಳು.