ಆರೂವರೆ ಸುತ್ತು

ಪಿಕಪ್ಪಿನ ಗೇರ್‌ಬಾಕ್ಸ್ ಒಡೆದದ್ದು ಸೋಮವಾರ ಬೆಳಿಗ್ಗೆ. ಮರ್ಲ್‌ನ ಎಡಮಂಡಿ ಕೆಟ್ಟು ಎರಡು ವರ್ಷವಾಗಿತ್ತು. ಕ್ಲಚ್ಚನ್ನು ಪೂರ್ತಿ ಒತ್ತಲಾಗದೆ, ಅರ್ಧ ಒತ್ತಿ ಗೇರು ತಳ್ಳುವುದು ಅವನಿಗೆ ರೂಢಿಯಾಗಿತ್ತು. ಆ ದಿನ ಒಳಗಿನ ಗೇರಿನ ಒಂದು ಹಲ್ಲು ಮುರಿದು, ಉಳಿದ ಹಲ್ಲುಗಳ ನಡುವೆ ಸಿಕ್ಕಿಕೊಂಡು, ಕಬ್ಬಿಣದ ಕವಚವನ್ನೇ ಸೀಳಿತು. ಹಿಮದ ಮೇಲೆ ಮೂವತ್ತು ಅಡಿ ಉದ್ದ ಕಪ್ಪು ಎಣ್ಣೆ ಚೆಲ್ಲಿತು. ಪಿಕಪ್ಪಿನ ಹಿಂದೆ ಪೆಂಡಿಗಳ ಮೇಲೆ ನಿಂತು ದನಗಳಿಗೆ ಹುಲ್ಲು ಎಸೆಯುತ್ತಿದ್ದ ಅವನ ತಂಗಿ ಆರ್ಡಿಸ್ ಕೆಳಗಿಳಿದು ಬಗ್ಗಿ ನೋಡಿದಳು. ಬೆರಳು ಹೋಗುವಷ್ಟು ಬಿರುಕು. ರಿಪೇರಿಯ ಮಾತೇ ಇರಲಿಲ್ಲ.

"ಹಳೇ ಗಾಡಿ. ಅದರ ಟೈಮ್ ಬಂದಿತ್ತು," ಎಂದ ಮರ್ಲ್.

ಆರ್ಡಿಸ್ ಹುಲ್ಲೆತ್ತುವ ಫೋರ್ಕನ್ನು ಪೆಂಡಿಗೆ ಚುಚ್ಚಿ, ಪಕ್ಕದ ತೋಟದವರ ಟ್ರ್ಯಾಕ್ಟರ್ ಕೇಳಲು ನಡೆದು ಹೊರಟಳು. ಅವರು ಭಾನುವಾರದವರೆಗೆ ಕೊಟ್ಟರು. ಆಮೇಲೆ ಅವರಿಗೂ ಬೇಕಿತ್ತು. ನೂರಾ ಅರವತ್ತು ಹಸುಗಳು, ಕರು ಹಾಕಲು ಇನ್ನು ಮೂರು ವಾರ. ಒಂದು ದಿನವೂ ಮೇವು ತಪ್ಪುವಂತಿರಲಿಲ್ಲ.

ಗುರುವಾರ ಇಬ್ಬರೂ ಅವಳ ಕಾರಿಗೆ ಸಣ್ಣ ಟ್ರೈಲರ್ ಕಟ್ಟಿಕೊಂಡು ಬೇರೆ ಬಾಕ್ಸ್ ಹುಡುಕಿಕೊಂಡು ಮೈಲ್ಸ್ ಸಿಟಿ ಪೇಟೆಯ ಕಡೆಗೆ ಹೊರಟರು. ದಾರಿಯುದ್ದಕ್ಕೂ ಗಾಳಿ ಹಿಮವನ್ನು ರಸ್ತೆಯ ಮೇಲೆ ಹಾವಿನಂತೆ ಹರಿಸುತ್ತಿತ್ತು.

"ಆಟೋಮ್ಯಾಟಿಕ್ ಹಾಕ್ಸೋಣ. ಎಡಗಾಲಿಗೆ ಕೆಲಸಾನೇ ಇರಲ್ಲ. ಎಂಬತ್ತು ವರ್ಷದ ತನಕ ನಾನೇ ಓಡಿಸ್ತೀನಿ," ಎಂದ ಮರ್ಲ್. ಅವನಿಗೆ ಅರವತ್ತೊಂದು.

"ಅಜ್ಜಿ ಗೇರ್ ಇರೋದೇ ಬೇಕು."

"ಅದಕ್ಕೆ ಕ್ಲಚ್ ಒತ್ತಬೇಕಲ್ಲ ಆರ್ಡಿ."

"ನಾನು ಒತ್ತುತೀನಿ."

"ನೀನು ಮುಂದೆ ಕೂತ್ರೆ ಹಿಂದೆ ಹುಲ್ಲು ಯಾರು ಎಸೀತಾರೆ?"

"ಅದೂ ನಾನೇ."

ಮರ್ಲ್‌ಗೆ ಅರ್ಥವಾಯಿತು.

ಹಳೆಯ ಪಿಕಪ್ಪುಗಳಲ್ಲಿ ಎಲ್ಲಕ್ಕಿಂತ ಕೆಳಗಿನ ಗೇರಿಗೆ ಅಲ್ಲಿಯವರು ಅಜ್ಜಿ ಗೇರು ಎನ್ನುತ್ತಾರೆ. ನಾಲ್ಕೂ ಚಕ್ರಕ್ಕೆ ಬಲ ಕೊಟ್ಟು ಅದಕ್ಕೆ ಹಾಕಿ ಬಿಟ್ಟರೆ ಗಾಡಿ ಹಸುವಿನ ನಡಿಗೆಗಿಂತ ನಿಧಾನ ಹೋಗುತ್ತದೆ. ಏರಿನಲ್ಲಿ ನಿಲ್ಲುವುದಿಲ್ಲ, ಇಳಿಜಾರಿನಲ್ಲಿ ಓಡುವುದಿಲ್ಲ. ಸ್ಟೀರಿಂಗಿಗೆ ಒಂದು ಹಗ್ಗ ಬಿಗಿದು, ಬಾಗಿಲು ತೆಗೆದು ಇಳಿದು, ಹಿಂದಕ್ಕೆ ಹತ್ತಿ ಹುಲ್ಲು ಎಸೆಯಬಹುದು. ಒಂಟಿಯಾಗಿ ದನ ಸಾಕುವವರೆಲ್ಲ ಮೇವು ಹಾಕುವುದು ಹೀಗೆಯೇ. ಚಾಲಕನ ಸೀಟು ಖಾಲಿ. ಆರ್ಡಿಸ್ ಮತ್ತು ಮರ್ಲ್ ಇಬ್ಬರಿದ್ದದ್ದರಿಂದ ಇಷ್ಟು ವರ್ಷ ಆ ಸೀಟಿನಲ್ಲಿ ಮರ್ಲ್ ಕೂತಿದ್ದ. ಅವನಿಗೆ ಉಳಿದಿದ್ದ ಕೆಲಸ ಅದೊಂದೇ.

ಗುಜರಿ ಅಂಗಳದ ಡೆಲ್ಬರ್ಟ್ ಷೆಡ್ಡಿನ ಬಾಗಿಲಲ್ಲೇ ನಿಂತಿದ್ದ. "ಅಣ್ಣ ತಂಗಿ ಇಬ್ರೂ ಒಟ್ಟಿಗೆ ಬಂದಿದೀರಾ ಅಂದ್ರೆ ಯಾರೋ ಸತ್ತಿರಬೇಕು, ಇಲ್ಲ ಗಾಡಿ ಸತ್ತಿರಬೇಕು."

"ಗಾಡಿ," ಎಂದಳು ಆರ್ಡಿಸ್.

"ಸದ್ಯ, ಬಚಾವಾದೆ. ಮನುಷ್ಯರಾಗಿದ್ರೆ ನನ್ನ ಹೆಂಡ್ತಿ ಅಡುಗೆ ಮಾಡಿ ಕಳಿಸ್ತಿದ್ಲು. ಅದನ್ನ ತಿಂದು ಇನ್ನೊಬ್ಬರು ಹೋಗ್ತಿದ್ರು."

ಮರ್ಲ್ ನೇರವಾಗಿ ಆಟೋಮ್ಯಾಟಿಕ್ ಬಾಕ್ಸುಗಳ ಸಾಲಿಗೆ ಹೋದ. ಒಂದನ್ನು ಬೂಟಿನಿಂದ ತಟ್ಟಿದ. "ಇದು ಹೇಗಿದೆ?"

"ಚೆನ್ನಾಗಿದೆ ಕಣಯ್ಯ. ಆದ್ರೆ ಬರೀ ಇದೊಂದನ್ನೇ ತಗೊಂಡು ಹೋದ್ರೆ ಆಗಲ್ಲ. ಎಣ್ಣೆ ತಣಿಸೋ ಪೈಪು ಬೇಕು, ರೇಡಿಯೇಟರಿಗೂ ಕೈ ಹಾಕ್ಬೇಕು, ನಾಲ್ಕು ಚಕ್ರಕ್ಕೆ ಬಲ ಹಂಚೋ ಪೆಟ್ಟಿಗೆ ಇದಕ್ಕೆ ಕೂರಲ್ಲ, ಅದೂ ಬೇರೆ ಬೇಕು."

"ಇಳಿಜಾರಲ್ಲಿ ಹಿಡಿದು ನಿಲ್ಲಿಸುತ್ತಾ?" ಆರ್ಡಿಸ್ ಕೇಳಿದಳು.

"ಬ್ರೇಕ್ ಮೇಲೆ ಕಾಲಿದ್ರೆ ನಿಲ್ಲಿಸುತ್ತೆ."

"ಕಾಲು ಇಲ್ದಿದ್ರೆ?"

"ನೇರ ಹೊಳೆಗೆ ಹೋಗುತ್ತೆ. ಅಲ್ಲಿ ನೀರು ನಿಲ್ಲಿಸುತ್ತೆ."

ಡೆಲ್ಬರ್ಟ್ ಒಬ್ಬನೇ ನಕ್ಕ.

"ಕಾಲು ಇರುತ್ತೆ. ನಂದು ಬಲಗಾಲು ಗಟ್ಟಿಯಾಗೇ ಇದೆ," ಎಂದ ಮರ್ಲ್.

"ನಾಲ್ಕು ಗೇರಿನದು ತೋರಿಸು ಡೆಲ್ಬರ್ಟ್," ಎಂದಳು ಆರ್ಡಿಸ್.

ಅವನು ತೋರಿಸಿದ ಮೊದಲನೆಯದು ಶುಭ್ರವಾಗಿತ್ತು, ಬಣ್ಣ ಹೊಡೆದಿತ್ತು. ನಾಲ್ಕು ಗೇರು ಎಂದ ಮಾತ್ರಕ್ಕೆ ಕೆಳಗಿನದು ಅಜ್ಜಿ ಗೇರೇ ಆಗಿರಬೇಕಿಲ್ಲ. ಹೊರಗಿಂದ ನೋಡಿ ಮೋಸ ಹೋಗಿ, ಮನೆಗೊಯ್ದು ಕೂರಿಸಿದ ಮೇಲೆ ತಲೆ ಚಚ್ಚಿಕೊಂಡವರು ಆ ಸೀಮೆಯಲ್ಲಿ ಬೇಕಾದಷ್ಟು ಜನ. ಆರ್ಡಿಸ್ ಬಾಕ್ಸನ್ನು ಒಂದನೇ ಗೇರಿಗೆ ತಳ್ಳಿ, ಹಿಂದಿನ ಶಾಫ್ಟಿನ ಮೇಲೆ ಸೀಮೆಸುಣ್ಣದಿಂದ ಒಂದು ಗೆರೆ ಎಳೆದಳು. ಗೆರೆ ಪೂರ್ತಿ ಒಂದು ಸುತ್ತು ಬರುವಷ್ಟರಲ್ಲಿ ಮುಂದಿನ ಶಾಫ್ಟ್ ಎಷ್ಟು ಸುತ್ತು ತಿರುಗಿತು ಎಂದು ಎಣಿಸಬೇಕು. ಆರೂವರೆ ಬಂದರೆ ಅಜ್ಜಿ ಗೇರು. ಕೈಬಲ ಇದ್ದವನು ಮರ್ಲ್. ಅವನು ಮುಂದೆ ತಿರುಗಿಸುತ್ತ ಎಣಿಸಿದ, ಅವಳು ಹಿಂದೆ ಗೆರೆ ನೋಡಿದಳು.

"ಬಂತು," ಎಂದಳು.

"ಮೂರು ಚಿಲ್ಲರೆ."

"ಪೇಟೆ ಗಾಡೀದು. ಬೇಡ."

ಡೆಲ್ಬರ್ಟ್ ಹೆಗಲು ಕುಣಿಸಿ ಮೂಲೆಯಲ್ಲಿದ್ದ ಟಾರ್ಪಾಲು ಎತ್ತಿದ. "ಹಾಗಿದ್ರೆ ಇದೊಂದಿದೆ. ಬೆಂಕಿ ಆರಿಸೋ ಪಿಕಪ್ಪಿನದು. ವರ್ಷಕ್ಕೆ ಎರಡು ಸಲ ಹೊರಗೆ ಬರ್ತಿತ್ತು. ಒಂದ್ಸಲ ಬೆಂಕಿಗೆ, ಒಂದ್ಸಲ ಜುಲೈ ನಾಲ್ಕರ ಸ್ವಾತಂತ್ರ್ಯದಿನದ ಮೆರವಣಿಗೆಗೆ. ನಿಮ್ಮ ಬಲ ಹಂಚೋ ಪೆಟ್ಟಿಗೆಗೆ ಹಾಗೇ ಕೂರುತ್ತೆ."

ಮೈತುಂಬ ಜಿಡ್ಡು, ಧೂಳು. ಆರ್ಡಿಸ್ ಚಿಂದಿಯಿಂದ ಹಿಂಭಾಗ ಒರೆಸಿ, ಬೋಲ್ಟಿನ ತೂತುಗಳ ಅಂತರವನ್ನು ಗೇಣಿನಿಂದ ಅಳೆದು, ಗೆರೆ ಎಳೆದಳು. ಮರ್ಲ್ ತಿರುಗಿಸತೊಡಗಿದ. ಗೆರೆ ಮೇಲೆದ್ದಿತು, ಆಚೆ ಇಳಿಯಿತು, ಅಡಿಗೆ ಹೋಯಿತು. ತಿರುಗಿಸುತ್ತಲೇ ಇದ್ದ. ಅವನ ಉಸಿರು ಜೋರಾಯಿತು.

"ಬಂತು. ಎಷ್ಟು?"

"ಮೂರೂವರೆ," ಎಂದ ಮರ್ಲ್. "ಇದೂ ಪೇಟೆದೇ."

ಡೆಲ್ಬರ್ಟ್ ಬಾಯಿ ತೆರೆದವನು ಮುಚ್ಚಿಕೊಂಡು ಬೇರೆ ಕಡೆ ನೋಡಿದ.

ಆರ್ಡಿಸ್ ಎದ್ದು ಮುಂದಕ್ಕೆ ಬಂದಳು. "ಸರಿ ಆಕಡೆ." ಮರ್ಲ್ ಸರಿದ. ಅವಳು ಎರಡೂ ಕೈಯಲ್ಲಿ ಶಾಫ್ಟು ಹಿಡಿದು, ಡೆಲ್ಬರ್ಟನನ್ನು ಗೆರೆಯ ಹತ್ತಿರ ಕೂರಿಸಿ, ಜೋರಾಗಿ ಎಣಿಸುತ್ತ ತಿರುಗಿಸಿದಳು. ನಾಲ್ಕು. ಐದು. ಆರು. ಇನ್ನರ್ಧಕ್ಕೆ ಡೆಲ್ಬರ್ಟ್, "ಬಂತು ಯಜಮಾನಿತಿ," ಎಂದ.

"ತಪ್ಪಿ ಎಣಿಸಿದೆ ಅನ್ಸುತ್ತೆ," ಎಂದ ಮರ್ಲ್.

"ನಲವತ್ತು ವರ್ಷದಲ್ಲಿ ಒಂದು ಕರುನೂ ತಪ್ಪಿಸಿ ಎಣಿಸಿದವನಲ್ಲ ನೀನು."

"ಮಂಡಿನೋವಿನ ಮಾತ್ರೆಯಿಂದ ತಲೆ ಸರಿಯಿಲ್ಲ."

"ಗೊತ್ತು. ಅದಕ್ಕೇ ನೀನು ಓಡಿಸೋದು ಬೇಡ ಅಂತಿರೋದು."

ಡೆಲ್ಬರ್ಟ್ ಕಾಫಿ ಬಿಸಿ ಮಾಡುವ ನೆಪದಲ್ಲಿ ಒಳಗೆ ಹೋದ.

"ನಾನೇನ್ ಮಾಡ್ಲಿ ಹಾಗಾದ್ರೆ?" ಮರ್ಲ್‌ನ ದನಿ ಏರಿತು. "ಕಿಟಕಿ ಹತ್ರ ಕೂತು ನೀನು ಕೆಲಸ ಮಾಡೋದು ನೋಡ್ಲಾ? ಮುದುಕೀರ ಥರ ಸ್ವೆಟರ್ ಹೆಣೀಲಾ?"

"ಈ ಚಳಿಗಾಲದಲ್ಲಿ ಎರಡು ಸಲ ಓಡಿಸ್ತಾನೇ ನಿದ್ದೆ ಹೋಗಿದೀಯ. ಎರಡನೇ ಸಲ ಮುಂದಿನ ಚಕ್ರ ಹೊಳೆಯ ಮಂಜುಗಡ್ಡೆ ಮೇಲಿತ್ತು. ನಾನು ಹಿಂದಿನಿಂದ ಹಾರಿ, ಓಡಿ ಬಂದು ಬಾಗಿಲು ತೆಗೆದು ಕೀಲಿ ತಿರುಗಿಸಿದೆ."

"ಎಂಜಿನ್ ತಾನಾಗೇ ಆಫ್ ಆಯ್ತು ಅಂದೆಯಲ್ಲ ಅವತ್ತು?"

"ಸುಳ್ಳು ಹೇಳಿದ್ದೆ. ಹೇಳ್ಬಾರ್ದಿತ್ತು."

ಮರ್ಲ್ ಕೈಗವಸು ಹಾಕಿಕೊಂಡ, ಮತ್ತೆ ತೆಗೆದ. ತಂಗಿಯ ಮುಖ ನೋಡಲಿಲ್ಲ. ಆರ್ಡಿಸ್ ಒಳಗಿದ್ದ ಡೆಲ್ಬರ್ಟನನ್ನು ಕೂಗಿ, "ಇದನ್ನೇ ಟ್ರೈಲರಿಗೆ ಏರಿಸು," ಎಂದಳು. ಸರಪಳಿಯಲ್ಲಿ ಎತ್ತಿ ಇಳಿಸುವಾಗ ಬಾಕ್ಸ್ ತೂಗಾಡಿತು. ಯಾರೂ ಹೇಳದೆಯೇ ಮರ್ಲ್ ಬಂದು ಅದನ್ನು ಹಿಡಿದು ನಿಲ್ಲಿಸಿದ.

ಶುಕ್ರವಾರ, ಶನಿವಾರ ಎರಡೂ ದಿನ ಮನೆಯ ಷೆಡ್ಡಿನಲ್ಲೇ ಹೋದವು. ಆರ್ಡಿಸ್ ಗಾಡಿಯಡಿ ಬೆನ್ನ ಮೇಲೆ ಮಲಗಿ, ಜ್ಯಾಕಿನ ಮೇಲೆ ಕೂರಿಸಿದ ಬಾಕ್ಸನ್ನು ಮುಂದಕ್ಕೆ ತಳ್ಳುತ್ತಿದ್ದಳು. ಕೊನೆಯ ಒಂದಿಂಚು ಒಳಗೆ ಹೋಗಲೊಲ್ಲದು. ಮೂರು ಸಲ ಹೊರಗೆಳೆದು ಮೂರು ಸಲ ತಳ್ಳಿದಳು. ಗೆಣ್ಣು ಸುಲಿದು ರಕ್ತ ಬಂತು.

ಮರ್ಲ್ ಬೆಳಗಿನಿಂದ ಸ್ಟೂಲಿನ ಮೇಲೆ ಬಾಯಿ ಹೊಲಿದುಕೊಂಡು ಕೂತಿದ್ದ. "ಗೇರಿಗೆ ಹಾಕು," ಎಂದ ಕೊನೆಗೆ. "ಹಾಕಿ ಹಿಂದಿನ ಶಾಫ್ಟನ್ನ ಚೂರೇ ಚೂರು ಅಲ್ಲಾಡ್ಸು. ಹಲ್ಲು ಸೇರ್ಕೊಳ್ಳುತ್ತೆ."

"ಮೊದಲೇ ಹೇಳೋಕೇನಾಗಿತ್ತು?"

"ಸಿಟ್ಟಿತ್ತು."

ಅವಳು ಹಾಗೆ ಮಾಡಿದಳು. ಬಾಕ್ಸ್ ಟಕ್ಕೆಂದು ಒಳಗೆ ಕೂತಿತು. ಬೋಲ್ಟುಗಳನ್ನು ಒಂದೊಂದಾಗಿ ಅವನೇ ಕೆಳಗೆ ಕೊಟ್ಟ.

ಭಾನುವಾರ ಬೆಳಿಗ್ಗೆ ಐವತ್ತು ಪೆಂಡಿ ಹೇರಿಕೊಂಡು ಹೊರಟರು. ಮರ್ಲ್ ಅಭ್ಯಾಸಬಲದಿಂದ ಚಾಲಕನ ಎಡಬಾಗಿಲಿಗೆ ಬಂದ. ಅಲ್ಲಿ ಆರ್ಡಿಸ್ ಆಗಲೇ ಕೂತಿದ್ದಳು. ಅವನು ಸುತ್ತಿ ಬಂದು ಆಚೆ ಕಡೆ ಹತ್ತಿದ. ಹುಲ್ಲುಗಾವಲಿನ ತಂತಿಗೇಟಿನ ಮುಂದೆ ಅವಳು ಗಾಡಿ ನಿಲ್ಲಿಸಿದಳು.

ಚಾಲಕನ ಪಕ್ಕದಲ್ಲಿ ಕೂತವರೇ ಗೇಟು ತೆಗೆಯಬೇಕು. ಇದಕ್ಕೆ ಆ ಸೀಮೆಯಲ್ಲಿ ವಿನಾಯಿತಿ ಇಲ್ಲ. ಪಾದ್ರಿ ಕೂತಿದ್ದರೆ ಪಾದ್ರಿಯೇ ಇಳಿಯಬೇಕು. ಮರ್ಲ್ ಗೇಟನ್ನು ನೋಡಿದ. ಆರ್ಡಿಸ್ ಸ್ಟೀರಿಂಗಿನ ಮೇಲೆ ಕೈಯಿಟ್ಟು ಮುಂದೆ ನೋಡುತ್ತ ಕೂತಳು. ಇಳಿದು ತೆಗೆಯಲು ಅವಳಿಗೆ ಅರ್ಧ ನಿಮಿಷ ಸಾಕಿತ್ತು. ಅವಳು ಇಳಿಯಲಿಲ್ಲ. ಹಸುಗಳು ಆಚೆ ಬದಿಯಲ್ಲಿ ಸೇರಿ ಅರಚುತ್ತಿದ್ದವು.

ಮರ್ಲ್ ಬಾಗಿಲು ಹಿಡಿದುಕೊಂಡು ಇಳಿದ. ಕುಂಟುತ್ತ ಹೋಗಿ ಕಂಬಕ್ಕೆ ಹೆಗಲು ಕೊಟ್ಟು ಒತ್ತಿದ. ಗೇಟನ್ನು ಕಂಬಕ್ಕೆ ಬಿಗಿದಿದ್ದ ತಂತಿಯ ಕುಣಿಕೆ ಬಿಡಲಿಲ್ಲ. ಎರಡನೆಯ ಸಲವೂ ಬಿಡಲಿಲ್ಲ. ಮೂರನೆಯ ಸಲ ಬಯ್ದುಕೊಂಡು ಬಿಡಿಸಿದ. ಗೇಟನ್ನು ಹಿಮದ ಮೇಲೆ ಎಳೆದು ಅವಳಿಗೆ ದಾರಿ ಬಿಟ್ಟ.

ಒಳಗೆ ಹೋದ ಮೇಲೆ ಆರ್ಡಿಸ್ ಅಜ್ಜಿ ಗೇರಿಗೆ ಹಾಕಿ, ಕ್ಲಚ್ ಬಿಟ್ಟು, ಸ್ಟೀರಿಂಗಿಗೆ ಹಗ್ಗ ಬಿಗಿದು ಕೆಳಗಿಳಿದಳು. ಗಾಡಿ ತನ್ನ ಪಾಡಿಗೆ ತಾನು ಗುರುಗುಟ್ಟುತ್ತ ಹೊರಟಿತು. ಅವಳು ಹಿಂದಿನಿಂದ ಹತ್ತಿ ಮೊದಲ ಪೆಂಡಿಯ ದಾರ ಕತ್ತರಿಸಿದಳು.

"ಹಗ್ಗ ಇನ್ನೂ ಚೂರು ಎಡಕ್ಕೆ ಬಿಗೀಬೇಕಿತ್ತು!" ಮರ್ಲ್ ಹಿಂದಿನಿಂದ ಕೂಗಿದ.

"ಗೇಟ್ ಮುಚ್ಚಿದ್ಯಾ?"

"ಮುಚ್ತಾ ಇದೀನಲ್ಲ, ಕಾಣಲ್ವಾ?"

ಅವಳು ಎರಡನೆಯ ಪೆಂಡಿಗೆ ಕೈ ಹಾಕಿದಳು.