ಗಡಿಯಾಚೆಯ ಹದಿನೆಂಟು ಮೈಲಿ

ಪ್ರದ್ಯುಮ್ನನ ಜೊತೆ ಪ್ರವಾಸ ಹೊರಟರೆ ದಾರಿ ತಪ್ಪುವ ಮಾತೇ ಇಲ್ಲ ಎಂದು ಟೆಕ್ಸಸ್‌ನ ಲೂಯಿಸ್‌ವಿಲ್‌ನ ಕನ್ನಡದ ಮಂದಿಯೆಲ್ಲ ನಂಬಿದ್ದರು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವ ಪೈಕಿ ಅವನು. ಪಕ್ಕದೂರು ಸೌತ್‌ಲೇಕ್‌ನ ಉದಯಶಂಕರ ಅಂಕಲ್ ಮನೆಯ ಟೀವಿಯಲ್ಲಿ ಐರ್ಲೆಂಡಿನ ಕಡಲ ದಂಡೆಯ ಫೋಟೋಗಳನ್ನು ನೋಡಿ ಬಂದವನು ಮರುದಿನವೇ ಎಕ್ಸೆಲ್ ತೆರೆದು ಕೂತ. ಯಾವ ಬಂಡೆಯ ಮುಂದೆ ಎಷ್ಟು ನಿಮಿಷ, ಯಾವ ಊರಿನಲ್ಲಿ ಮೊಸರನ್ನ, ಯಾವ ತಿರುವಿನಲ್ಲಿ ಫೋಟೋ, ಎಲ್ಲವೂ ಅದರಲ್ಲಿ ಬಂತು. ರೈಸ್ ಕುಕ್ಕರ್ ಕೂಡ ಸೂಟ್‌ಕೇಸ್ ಸೇರಿತು.

ಅವನ ಹೆಂಡತಿ ಚಿತ್ರಾಗೆ ಇದು ಒಂಬತ್ತು ವರ್ಷಗಳಲ್ಲಿ ಮೊದಲ ದೊಡ್ಡ ರಜೆ. ಧಾರವಾಡದ ಹುಡುಗಿ, ಹುಬ್ಬಳ್ಳಿಯಲ್ಲಿ ಎಂ.ಬಿ.ಬಿ.ಎಸ್. ಮಾಡಿದವಳು. ಗಂಡನ ವೀಸಾದ ಬಾಲ ಹಿಡಿದು ಟೆಕ್ಸಸ್‌ಗೆ ಬಂದ ಮೇಲೆ ಕೆಲಸ ಮಾಡುವ ಹಕ್ಕೇ ಇರಲಿಲ್ಲ. ಪರೀಕ್ಷೆಗಳನ್ನೇನೋ ಒಂದೊಂದಾಗಿ ಪಾಸು ಮಾಡಿಕೊಂಡಿದ್ದಳು. ಗ್ರೀನ್ ಕಾರ್ಡ್ ಬಂದ ದಿನ ಹೇಳಿ, ಸೇರಿಸಿಕೊಳ್ಳುತ್ತೇವೆ ಎಂದು ಹ್ಯೂಸ್ಟನ್ನಿನ ಒಂದು ಆಸ್ಪತ್ರೆಯವರು ಮಾತು ಕೊಟ್ಟಿದ್ದರು. ಆ ಕಾರ್ಡು ಈ ವರ್ಷ, ಅಂದರೆ ೨೦೧೪ರ ಕೊನೆಗೆ ಬರುವುದಿತ್ತು. ಅಲ್ಲಿಯವರೆಗೆ ಅವಳು ಅಮೆರಿಕದಲ್ಲಿ ಹಿಡಿದು ನೋಡಿದ ನಾಡಿಯೆಂದರೆ ಎಂಟು ವರ್ಷದ ಮಗಳು ಸಿಯಾಳದ್ದೊಂದೇ.

ಐರ್ಲೆಂಡಿಗೆ ಬಂದ ನಾಲ್ಕನೆಯ ದಿನ ಬೆಳಿಗ್ಗೆ ಬೇಗ ಹೊರಟರು. ಒಂದು ಕಡೆ ಕಡಲು, ಇನ್ನೊಂದು ಕಡೆ ಕಲ್ಲು ಪೇರಿಸಿದ ಗೋಡೆಗಳ ಹಿಂದೆ ಕುರಿಗಳು. ಎಡಗಡೆ ಓಡಿಸುವುದು ಮೈಸೂರಿನಲ್ಲಿ ಕಲಿತ ಪ್ರದ್ಯುಮ್ನನ ಕೈಗೆ ಒಂದೇ ದಿನದಲ್ಲಿ ಕೂತಿತ್ತು. ಅವನಿಗೆ ಕಿರಿಕಿರಿಯಾಗಿದ್ದು ಬೋರ್ಡುಗಳ ಮೇಲಿನ ಕಿಲೋಮೀಟರು. ಒಂದು ಪಟ್ಟಣ ದಾಟುವಷ್ಟರಲ್ಲಿ ಬೋರ್ಡುಗಳು ಮೈಲಿಗೆ ತಿರುಗಿದವು.

"ಅಬ್ಬಾ! ಇಲ್ಲಾದ್ರೂ ಮನುಷ್ಯರ ಥರ ಮೈಲೀಲಿ ಬರ್ದಿದಾರೆ," ಎಂದ ಪ್ರದ್ಯುಮ್ನ.

ಚಿತ್ರಾ ನಕ್ಕಳು. ಬೆಂಗಳೂರಿನಿಂದ ನೆಟ್ಟಗೆ ಬಂದವರಾಗಿದ್ದರೆ ಇದ್ದಕ್ಕಿದ್ದಂತೆ ಇದೇಕೆ ಬದಲಾಯಿತು ಎಂದು ಕೇಳುತ್ತಿದ್ದರು. ಟೆಕ್ಸಸ್‌ನ ರಸ್ತೆಗಳಲ್ಲಿ ಪಳಗಿದ ಇವರಿಗೆ ಮೈಲಿ ಮನೆಯ ಮಾತಾಗಿತ್ತು. ಹಗಲು ಕಂಡ ಬಾವಿಗೆ ಇರುಳು ಬೀಳುವವರಿದ್ದಾರೆ, ಇವರು ಹಗಲಿನಲ್ಲೇ ಬಿದ್ದರು.

ಬಿದ್ದದ್ದು ಗೊತ್ತಾದದ್ದು ಒಂದು ಚಹಾದಂಗಡಿಯಲ್ಲಿ. ಚಿತ್ರಾ ಕೊಟ್ಟ ಯೂರೋ ನೋಟನ್ನು ಅಂಗಡಿಯ ಹೆಂಗಸು ನಗುತ್ತಲೇ ಹಿಂದಕ್ಕೆ ಸರಿಸಿದಳು. ಇಲ್ಲಿ ಪೌಂಡ್ ಕೊಡಬೇಕು ತಾಯಿ, ನೀವು ಗಡಿ ದಾಟಿ ಹದಿನೆಂಟು ಮೈಲಿ ಬಂದಿದ್ದೀರಿ, ಇದು ಬ್ರಿಟನ್ನು ಎಂದಳು.

ಚಿತ್ರಾ ಬಾಗಿಲಾಚೆ ತಾವು ಬಂದ ರಸ್ತೆಯನ್ನು ನೋಡಿದಳು. ಗೇಟಿಲ್ಲ, ಪೊಲೀಸರಿಲ್ಲ, ಒಂದು ಗೆರೆ ಕೂಡ ಕಾಣಲಿಲ್ಲ. ದ್ವೀಪದ ಉತ್ತರದ ತುಂಡು ಬೇರೆ ದೇಶ! ಅವರಿಬ್ಬರ ಭಾರತದ ಪಾಸ್‌ಪೋರ್ಟುಗಳಲ್ಲಿ ಇದ್ದದ್ದು ಐರ್ಲೆಂಡಿನ ವೀಸಾ ಮಾತ್ರ. ಟೆಕ್ಸಸ್‌ನಲ್ಲಿ ಹುಟ್ಟಿ ಅಮೆರಿಕದ ಪಾಸ್‌ಪೋರ್ಟ್ ಪಡೆದ ಸಿಯಾಗೆ ಯಾವ ಭಯವೂ ಇರಲಿಲ್ಲ, ಬಿಸ್ಕತ್ತು ತಿನ್ನುತ್ತಿದ್ದಳು.

ಕಾರು ಬಂದ ದಾರಿಗೇ ತಿರುಗಿತು.

"ನಿಮ್ಮ ಎಕ್ಸೆಲ್‌ದಾಗ ಇದು ಇರ್ಲಿಲ್ಲೇನ್ರಿ?"

"ಮ್ಯಾಪಲ್ಲಿ ಎಲ್ಲಾ ಒಂದೇ ದ್ವೀಪ ಕಣೆ. ನಾನು ರಸ್ತೆ ನೋಡ್ದೆ, ದೇಶ ನೋಡ್ಲಿಲ್ಲ." ಅವನು ಕನ್ನಡಿಯಲ್ಲಿ ಹಿಂದಿನ ರಸ್ತೆ ನೋಡಿದ. "ಯಾರ ಕಣ್ಣಿಗೂ ಬೀಳ್ದೆ ದಾಟಿಬಿಟ್ರೆ ಆಯ್ತು. ಸಿಕ್ಕಿಬಿದ್ರೆ ರೆಕಾರ್ಡ್ ಆಗುತ್ತೆ. ಆಮೇಲೆ ಗ್ರೀನ್ ಕಾರ್ಡ್ ಮರೆತುಬಿಡು."

ನಾಲ್ಕು ಮೈಲಿ ಹೋಗಿರಬಹುದು. ತಿರುವಿನಲ್ಲಿ ಒಂದು ಸೈಕಲ್ ಅಡ್ಡ ಬಿದ್ದಿತ್ತು, ಪಕ್ಕದಲ್ಲಿ ಒಬ್ಬ ಮುದುಕ ಅಂಗಾತ ಮಲಗಿದ್ದ. ಪ್ರದ್ಯುಮ್ನ ಬ್ರೇಕ್ ಒತ್ತಿದ.

"ಚಿತ್ರಾ, ರಕ್ತ ಬರ್ತಿದೆ. ಇಳಿದು ನೋಡು."

ಅವಳು ಕಿಟಕಿಯಿಂದಲೇ ನೋಡಿದಳು. ಬಾಯಲ್ಲಿ ರಕ್ತ, ಎದೆ ಎಳೆದೆಳೆದು ಏರುತ್ತಿತ್ತು. ಒಂದು ಮಗ್ಗುಲಿಗೆ ಹೊರಳಿಸಿ ಬಾಯಿ ಸ್ವಚ್ಛ ಮಾಡಿದರೆ ಉಸಿರಾಡುತ್ತಾನೆ, ಇಲ್ಲದಿದ್ದರೆ ಇಲ್ಲ. ಇಷ್ಟು ತಿಳಿಯಲು ಅವಳಿಗೆ ಎರಡು ಕ್ಷಣವೂ ಬೇಕಾಗಲಿಲ್ಲ. ಕಾರಿನ ಗಡಿಯಾರ ಹತ್ತು ನಲವತ್ತು ತೋರಿಸುತ್ತಿತ್ತು.

"ನಿಲ್ಲಸಬ್ಯಾಡ್ರಿ. ನಡೀರಿ ಮುಂದ."

"ಏನಂದೆ?"

"ಪೊಲೀಸ್ರು ಬರ್ತಾರ, ಪಾಸ್‌ಪೋರ್ಟ್ ಕೇಳ್ತಾರ. ಗಡಿ ದಾಟಿ ಫೋನ್ ಮಾಡೋಣಂತ. ನಡೀರಿ!"

ಲೂಯಿಸ್‌ವಿಲ್‌ನ ಖಾಲಿ ರಸ್ತೆಯಲ್ಲೂ ಸ್ಟಾಪ್ ಬೋರ್ಡಿಗೆ ನಿಂತು ಮೂರು ಎಣಿಸುವ ಮನುಷ್ಯ ಹೆಂಡತಿಯ ಮುಖವನ್ನೇ ನೋಡಿದ. ಆಮೇಲೆ ಕಾರನ್ನು ಮುಂದಕ್ಕೆ ಓಡಿಸಿದ. ಆ ಮಾತು ತನ್ನ ಬಾಯಿಂದಲೇ ಬಂತೆಂದು ಚಿತ್ರಾಗೆ ನಂಬಲಾಗಲಿಲ್ಲ. ಬೇರೆ ಯಾರೋ ತನ್ನ ಗಂಟಲಿನಲ್ಲಿ ಕೂತು ಆಡಿದರೇ ಎಂದು ಕೈಯನ್ನು ಕುತ್ತಿಗೆಗೆ ಒಯ್ದಳು. ಒಂಬತ್ತು ವರ್ಷ ಕಾದದ್ದು ಇಂಥ ಡಾಕ್ಟರ್ ಆಗುವುದಕ್ಕೇ?

ಆರು ನಿಮಿಷವಾದ ಮೇಲೆ ಹಿಂದಿನ ಸೀಟಿನಿಂದ ಸಿಯಾ ಕೇಳಿದಳು: "ಅಮ್ಮಾ, ಹೂ ವಿಲ್ ಹೆಲ್ಪ್ ಹಿಮ್?"

"ಯಾರರೆ ಬರ್ತಾರವ್ವಾ."

"ಬಟ್ ಯು ಆರ್ ದ ಡಾಕ್ಟರ್."

ಚಿತ್ರಾ ಗಂಡನ ಭುಜ ಹಿಡಿದು ಅಲ್ಲಾಡಿಸಿಬಿಟ್ಟಳು. "ತಿರುಗಸ್ರಿ. ತಿರುಗಸ್ರಿ ಅಂದ್ರ!" ತಿರುಗಿಸುತ್ತಲೇ ಅವನು ಆಂಬುಲೆನ್ಸಿಗೆ ಫೋನ್ ಮಾಡಿದ.

ಮುದುಕ ಹಾಗೆಯೇ ಅಂಗಾತ ಬಿದ್ದಿದ್ದ. ತುಟಿ ನೀಲಿಗಟ್ಟಿತ್ತು. ಚಿತ್ರಾ ಬಾಯಿಗೆ ಬೆರಳು ಹಾಕಿ ಹೆಪ್ಪುಗಟ್ಟಿದ ರಕ್ತ ತೆಗೆದಳು, ಉಸಿರು ಊದಿದಳು, ಎದೆಯ ಮೇಲೆ ಎರಡೂ ಕೈಯಿಟ್ಟು ಒತ್ತತೊಡಗಿದಳು. ಕಲಿತದ್ದನ್ನು ಕೈ ಮರೆತಿರಲಿಲ್ಲ. ಮೊಣಕಾಲು ಜಲ್ಲಿಯಲ್ಲಿ ತರಚಿತು, ತೋಳು ಬಿದ್ದುಹೋದಂತಾಯಿತು, ಆದರೂ ಬಿಡಲಿಲ್ಲ. ಆಂಬುಲೆನ್ಸಿನವರು ಬಂದು ಅವಳನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದರು. ಅವರೂ ಬಹಳ ಹೊತ್ತು ಒತ್ತಿದರು. ಕೊನೆಗೆ ಅವರಲ್ಲೊಬ್ಬ ಕೈಗಡಿಯಾರ ನೋಡಿ ಹೊದಿಕೆಯನ್ನು ಮುಖದ ಮೇಲೆ ಎಳೆದ.

ಆಂಬುಲೆನ್ಸಿನ ಹಿಂದೆಯೇ ಬಂದ ಪೊಲೀಸ್ ಅಧಿಕಾರಿ ನರೆಗೂದಲಿನ, ಸಮಾಧಾನದ ಮನುಷ್ಯ. ಅವನು ಕೇಳುವ ಮೊದಲೇ ಪ್ರದ್ಯುಮ್ನ ಎರಡೂ ಪಾಸ್‌ಪೋರ್ಟುಗಳನ್ನು ಚಾಚಿದ. ಅಧಿಕಾರಿ ಅವುಗಳ ಕಡೆ ನೋಡಲೂ ಇಲ್ಲ. ಅವೆಲ್ಲ ಬೇಡ, ಇಟ್ಟುಕೊಳ್ಳಿ ಎಂದ. ದಾರಿಹೋಕರು ಇಷ್ಟು ಮಾಡುವುದೇ ಹೆಚ್ಚು, ನಿಮಗೆ ಈ ಊರು ಋಣಿ ಎಂದ. ಒಂದೇ ಒಂದು ವಿವರ ಸಾಕು ಎಂದು ಪುಸ್ತಕ ತೆಗೆದು ಚಿತ್ರಾಳ ಕಡೆ ತಿರುಗಿದ.

"ನೀವು ಇವರನ್ನು ಕಂಡದ್ದು ಎಷ್ಟು ಹೊತ್ತಿಗೆ?"

ಪ್ರದ್ಯುಮ್ನ ಅವಳ ಮೊಣಕೈ ಮುಟ್ಟಿದ. ಸಿಯಾ ಕಾರಿನ ಬಾಗಿಲ ಬಳಿ ನಿಂತು ತಾಯಿಯ ಬಾಯನ್ನೇ ನೋಡುತ್ತಿದ್ದಳು.

"ಹತ್ತು ಐವತ್ತೆರಡಕ್ಕೆ," ಎಂದಳು ಚಿತ್ರಾ. ಅಧಿಕಾರಿ ಬರೆದುಕೊಂಡ.

"ಅದು ಎರಡನೆಯ ಸಲ," ಎಂದಳು. "ಮೊದಲ ಸಲ ಕಂಡದ್ದು ಹತ್ತು ನಲವತ್ತಕ್ಕೆ. ಆಗ ಉಸಿರಾಡುತ್ತಿದ್ದರು."

ಅಧಿಕಾರಿಯ ಪೆನ್ನು ನಿಂತಿತು.