ರಾವಸಾಹೇಬನ ಹೆಬ್ಬೆರಳು

ಮೂಡಲಗಿಯ ರಾವಸಾಹೇಬ ಬೇಕಾದರೆ ಮೈಮೇಲಿನ ಅಂಗಿ ಬಿಚ್ಚಿಯಾನು, ಕಾಲಿನ ಬೂಟು ಬಿಚ್ಚುವವನಲ್ಲ. ಒದ್ದೆ ರಬ್ಬರ್ ಬೂಟು ಹಾಕಿಕೊಂಡೇ ಕಬ್ಬಿಗೆ ನೀರು ಹಾಯಿಸಿ ಹಾಯಿಸಿ, ಬಲಗಾಲಿನ ಹೆಬ್ಬೆರಳ ಉಗುರು ಹಳದಿಯಾಗಿ, ದಪ್ಪಗಾಗಿ, ಪುಡಿಪುಡಿ ಉದುರತೊಡಗಿ ಹತ್ತು ವರ್ಷದ ಮೇಲಾಗಿತ್ತು. ಸುಣ್ಣ ಹಚ್ಚಿದ, ಬೇವಿನೆಣ್ಣೆ ಹಚ್ಚಿದ, ಯಾರೋ ಹೇಳಿದರೆಂದು ಟ್ರ್ಯಾಕ್ಟರಿನ ಗ್ರೀಸನ್ನೂ ಹಚ್ಚಿದ. ಉಗುರು ಯಾವುದಕ್ಕೂ ಜಗ್ಗಲಿಲ್ಲ. ಕಡೆಗೆ ಅದನ್ನು ಕಾಲುಚೀಲದೊಳಗೆ ಮುಚ್ಚಿಟ್ಟುಬಿಟ್ಟ. ಮಗಳು ರಾಜೇಶ್ವರಿಯ ಮದುವೆಯಲ್ಲಿ ಮಾತ್ರ ಬೂಟು ಬಿಚ್ಚಲೇಬೇಕಾಗಿ ಬಂದಾಗ, ಹೆಬ್ಬೆರಳಿಗೆ ಒಂದು ಹಿಡಿ ಅರಿಶಿಣ ಮೆತ್ತಿಕೊಂಡು ಪಾರಾದ. ಮದುವೆ ಮನೆಯಲ್ಲಿ ಯಾರ ಕಾಲು ಹಳದಿಯಾಗಿರುವುದಿಲ್ಲ?

ಫಜೀತಿಯಾದದ್ದು ಆಮೇಲೆ, ಹುಕ್ಕೇರಿಯಲ್ಲಿ. ಮಗಳ ಮನೆಗೆ ಮೊದಲ ಸಲ ಹೋದಾಗ ಬೀಗಿತಿ ಮಾಯವ್ವ ತಾಮ್ರದ ತಂಬಿಗೆ ಹಿಡಿದು ಬಾಗಿಲಲ್ಲೇ ನಿಂತಿದ್ದಳು.

"ಬರ್ರಿ ಬೀಗರ, ಕಾಲ ತೊಳಕೊಳ್ರಿ."

ರಾವಸಾಹೇಬ ಬೂಟಿನ ಕಾಲು ಹಿಂದಕ್ಕೆಳೆದುಕೊಂಡ. "ಇರ್ಲಿ ಬಿಡ್ರಿ, ಗಡಿಬಿಡಿ ಐತಿ. ಇಲ್ಲೇ ಕಟ್ಟಿ ಮ್ಯಾಲ ಕುಂದರತೇನಿ" ಎಂದ. ಹೊರಗೇ ಕೂತು ಚಹಾ ಕುಡಿದು, ಬಂದ ದಾರಿ ಹಿಡಿದ.

ಬಾಗಿಲಿಗೆ ಬಂದವರು ಕಾಲಿಗೆ ಕೊಟ್ಟ ನೀರು ಬೇಡವೆಂದರೆ, ಆ ಮನೆಯೇ ಬೇಡವೆಂದಂತೆ. ಅದೂ ಬೀಗರು! ಬೀಗ ಯಲ್ಲಪ್ಪ ಒಳ್ಳೆಯ ಮನುಷ್ಯ, ಆದರೆ ಸಿಟ್ಟು ಮೂಗಿನ ತುದಿಯಲ್ಲೇ. "ನಮ್ಮ ಮನ್ಯಾಗ ಕಾಲ ಇಡಾಕ ಅವರಿಗೆ ಹೇಸಿಗಿ ಅಂದ್ರ, ಅವರ ಮನಿ ನೀರ ನನಗೂ ಬ್ಯಾಡ" ಎಂದು ಘೋಷಿಸಿಬಿಟ್ಟ.

ರಾಜೇಶ್ವರಿ ಫೋನಿನಲ್ಲಿ ಅತ್ತಳು. "ಅಪ್ಪಾ, ನೀ ನಮ್ಮ ಮನಿ ಒಳಗ ಬರೂತನಕ ಮಾವ ನಿಮ್ಮ ಮನಿ ನೀರ ಮುಟ್ಟಾಂಗಿಲ್ಲಂತ. ನನಗ ಈಗ ಮೂರ ತಿಂಗಳು. ಹುಟ್ಟೂ ಕೂಸಿಗೆ ಇಬ್ಬರೂ ಮುತ್ಯಾಗೋಳು ಬೇಕಪ್ಪಾ."

ಸಂತೋಷದ ಸುದ್ದಿ, ಸಂಕಟದ ಸುದ್ದಿ ಒಂದೇ ಉಸಿರಿನಲ್ಲಿ ಬಂದವು. ರಾವಸಾಹೇಬ ಒಂದು ಕಣ್ಣಲ್ಲಿ ನಕ್ಕು ಒಂದು ಕಣ್ಣಲ್ಲಿ ಅತ್ತ. ಹೆಂಡತಿ ಸುಂದ್ರವ್ವ ಮಾತ್ರ ಸೊಂಟಕ್ಕೆ ಸೆರಗು ಸಿಕ್ಕಿಸಿದಳು. "ಮಗಳ ಸಂಸಾರಕ್ಕಿಂತ ನಿಮ್ಮ ಉಗುರ ದೊಡ್ಡದೇನ್ರಿ? ಏಳ್ರಿ, ಗೋಕಾಕಕ್ಕ ಹೋಗೂಣು."

ಗೋಕಾಕದ ಚರ್ಮದ ಡಾಕ್ಟರು ವಿಜಯಶ್ರೀ ಉಗುರಿನ ಚೂರು ಕತ್ತರಿಸಿ ಪರೀಕ್ಷೆಗೆ ಕಳಿಸಿದರು. ಉಗುರಿನೊಳಗೆ ಬೂಷ್ಟು ಮನೆ ಮಾಡಿಕೊಂಡಿತ್ತು. ರಕ್ತ ತಪಾಸಣೆ ಮಾಡಿಸಿ, ಮೂರು ತಿಂಗಳ ಗುಳಿಗೆ ಬರೆದರು. ಗ್ರೀಸಿನ ಕಥೆ ಕೇಳಿ ಪೆನ್ನು ಕೆಳಗಿಟ್ಟು ನಕ್ಕರು.

"ಗುಳಿಗಿ ಮುಗದ ಮ್ಯಾಲೂ ಹಳದಿ ಕಾಣತೈತ್ರಿ, ಹೆದರಬ್ಯಾಡ್ರಿ. ಕೆಟ್ಟ ಉಗುರ ಸುಧಾರಸಾಂಗಿಲ್ಲ. ಬುಡದಿಂದ ಹೊಸದು ಬೆಳದು ಅದನ್ನ ಹೊರಗ ತಳ್ಳಬೇಕು. ವರ್ಷ ಹಿಡಿತೈತಿ. ಮತ್ತ ಆ ಹಳೀ ಬೂಟ ಒಗೀರಿ, ಕಾಲ ಒಣಾ ಇಟ್ಟಕೋರಿ."

ಬೂಟನ್ನು ಸುಂದ್ರವ್ವ ಅವತ್ತೇ ತಿಪ್ಪೆಗೆಸೆದಳು. ಗುಳಿಗೆ ಮುಗಿದವು. ಉಗುರು ಹಾಗೇ ಹಳದಿ! ರಾವಸಾಹೇಬ ಡಾಕ್ಟರನ್ನು ಬಯ್ಯಲು ಬಾಯಿ ತೆರೆದವನು, ಕನ್ನಡಕ ಹಾಕಿ ಬಗ್ಗಿ ನೋಡಿದ. ಬುಡದಲ್ಲಿ ಒಂದು ಸಣ್ಣ ಗುಲಾಬಿ ಗೆರೆ. ತೆರೆದ ಬಾಯಿ ಹಾಗೇ ಮುಚ್ಚಿದ.

ಹೆರಿಗೆಗೆ ಬಂದ ರಾಜೇಶ್ವರಿಗೆ ಗುಟ್ಟು ತಿಳಿಯಿತು. "ಇದಕ್ಕನಪ್ಪಾ ಇಷ್ಟೆಲ್ಲಾ?" ಎಂದು ಫೋನಿಗೆ ಕೈ ಹಾಕಿದಳು. ರಾವಸಾಹೇಬ ಫೋನು ಕಸಿದುಕೊಂಡ. "ನೀ ಹೇಳಿದಿ ಅಂದ್ರ ನಾ ಹುಕ್ಕೇರಿ ಕಡೆ ತಲಿ ಹಾಕಿ ಮಲಗಾಂಗಿಲ್ಲ. ವಾಸಿಯಾಗ್ಲಿ, ನಾನ ಹೇಳತೇನಿ."

ಹೆಣ್ಣು ಕೂಸು ಹುಟ್ಟಿತು. ತೊಟ್ಟಿಲಿಗೆ ಹಾಕುವ ದಿನ ಯಲ್ಲಪ್ಪ ಬಂದನೇನೋ ಹೌದು, ಹುಕ್ಕೇರಿಯಿಂದ ನೀರಿನ ಬಾಟಲಿ ಹಿಡಿದುಕೊಂಡೇ ಬಂದ. ಅಂಗಳದ ಬೇವಿನ ಮರದ ಕೆಳಗೆ ಕೂತ. ಕೂಸನ್ನು ಅಲ್ಲಿಗೇ ತರಿಸಿ ಮುದ್ದಾಡಿದ. ಒಳಗೆ ಹೋಳಿಗೆ ಬೇಯುತ್ತಿದ್ದವು. ಮೂಗು ಅಡುಗೆಮನೆಯ ಕಡೆ ಎಳೆಯುತ್ತಿತ್ತು, ಹಟ ಬಿಡುತ್ತಿರಲಿಲ್ಲ. ಕೈಯಲ್ಲಿ ಹೋಳಿಗೆಯ ತಾಟು ಹಿಡಿದು ನಿಂತ ರಾವಸಾಹೇಬನಿಗೆ ಎಲ್ಲ ಹೇಳಿಬಿಡಬೇಕೆನಿಸಿತು. ಆದರೆ ಅರ್ಧ ಹಳದಿ, ಅರ್ಧ ಗುಲಾಬಿ ಉಗುರು ನೆನಪಾಯಿತು. ತಾಟು ಹಿಡಿದು ವಾಪಸು ಬಂದ. ಅವತ್ತು ತಾನೂ ಹೋಳಿಗೆ ತಿನ್ನಲಿಲ್ಲ.

ಮರುದಿನದಿಂದ ಮುತ್ಯಾ ಮೊಮ್ಮಗಳು ಒಟ್ಟಿಗೆ ಬಿಸಿಲು ಕಾಯತೊಡಗಿದರು. ನೀರೆರೆಸಿಕೊಂಡ ಕೂಸು ತೊಡೆಯ ಮೇಲೆ, ಒರೆಸಿದ ಕಾಲು ಅದರ ಪಕ್ಕದಲ್ಲಿ. ಕೂಸಿನ ಕತ್ತು ನಿಲ್ಲುವ ಹೊತ್ತಿಗೆ ಹೊಸ ಉಗುರು ಮುಕ್ಕಾಲು ದಾರಿ ನಡೆದಿತ್ತು. ಕೂಸು ಮಗುಚಿಕೊಂಡ ವಾರವೇ ಹಳದಿಯ ಕೊನೆಯ ತುಣುಕು ಉಗುರುಕಟರಿಗೆ ಸಿಕ್ಕಿ ಹಾರಿಹೋಯಿತು. ರಾವಸಾಹೇಬ ಹಾಕಿದ ಕೂಗಿಗೆ ಸುಂದ್ರವ್ವ ಏನಾಯಿತೋ ಎಂದು ಹಿಟ್ಟಿನ ಕೈಯಲ್ಲೇ ಓಡಿ ಬಂದಳು.

ಬಾಣಂತಿಯನ್ನು ಕಳಿಸುವ ದಿನ ಅವನು ಹೊಸ ಬೂಟು, ಹೊಸ ಕಾಲುಚೀಲ ಹಾಕಿಕೊಂಡ. ಹುಕ್ಕೇರಿಯ ಬಾಗಿಲಲ್ಲಿ ಎಲ್ಲರೂ ಕೂಸಿಗೆ ಮುತ್ತಿಕೊಂಡರು. ದೃಷ್ಟಿ ತೆಗೆದರು, ಆರತಿ ಎತ್ತಿದರು. ತಂಬಿಗೆ ಮೆಟ್ಟಿಲ ಮೇಲೇ ಇತ್ತು. ಅವನಿಗೆ ಯಾರೂ ನೀರು ಕೊಡಲಿಲ್ಲ. ಹೇಗೂ ಬೇಡವೆನ್ನುವ ಬೀಗನಿಗೆ ಯಾರು ಕೊಟ್ಟಾರು?

ರಾವಸಾಹೇಬ ಕಟ್ಟೆಯ ಮೇಲೆ ಕೂತು ಬೂಟು ಬಿಚ್ಚಿದ, ಕಾಲುಚೀಲ ಎಳೆದ, ಬಲಗಾಲು ಮುಂದೆ ಚಾಚಿದ. "ಬೀಗತಿ, ನೀರ ಹಾಕ್ರಿ."

ಮಾಯವ್ವ ಗಲಿಬಿಲಿಗೊಂಡು ತಂಬಿಗೆ ಬಗ್ಗಿಸಿದಳು. ಕಣ್ಣು ಮಾತ್ರ ಕೂಸಿನ ಮೇಲೆ. ನೀರು ನೆಲಕ್ಕೆ ಬಿತ್ತು.

ವರ್ಷವಿಡೀ ಕಾದ ಉಗುರು, ನೋಡುವವರೇ ಇಲ್ಲ! ರಾವಸಾಹೇಬನಿಗೆ ತಡೆಯಲಾಗಲಿಲ್ಲ. "ಅಯ್ಯ, ಕಾಲ ನೋಡ್ರೆವಾ!" ಎಂದು ಕೂಗಿದ.

ಎಲ್ಲರೂ ತಿರುಗಿದರು. ಯಲ್ಲಪ್ಪ ಗಾಬರಿಯಾಗಿ ಬಗ್ಗಿದ. "ಏನಾಗೈತ್ರಿ ಕಾಲಿಗೆ?"

"ಏನೂ ಆಗಿಲ್ಲರಿ! ಅದನ್ನ ನೋಡ್ರಿ ಅನ್ನಾಕತ್ತೇನಿ!"

ಆಮೇಲೆ ಒಂದೇ ಉಸಿರಿಗೆ ಎಲ್ಲ ಹೇಳಿದ. ಸುಣ್ಣ, ಗ್ರೀಸು, ಮದುವೆಯ ಅರಿಶಿಣ, ತಂಬಿಗೆ ಕಂಡು ಹುಟ್ಟಿದ ನಾಚಿಕೆ. "ಹೇಸಿಗಿ ನಿಮ್ಮ ಮನೀದಲ್ಲರಿ ಬೀಗರ. ನನ್ನ ಕಾಲಿಂದ ನನಗ ಹೇಸಿಗಿ ಇತ್ತು."

ಯಲ್ಲಪ್ಪ ಆ ಗುಲಾಬಿ ಉಗುರನ್ನು ನೋಡಿದ. ಮೊದಲು ಮೀಸೆ ಅಲುಗಿತು, ಆಮೇಲೆ ಹೊಟ್ಟೆ, ಆಮೇಲೆ ಇಡೀ ಮನುಷ್ಯ. ನಕ್ಕು ನಕ್ಕು ಕಣ್ಣೀರು ಬಂದು, ಥಟ್ಟನೆ ಸಿಟ್ಟೂ ಬಂತು. "ಒಂದ ಉಗುರಿನ ಸಲುವಾಗಿ ಮೊಮ್ಮಗಳ ತೊಟ್ಟಲದ ಹೋಳಿಗಿ ಬಿಟ್ಟೆನಲ್ಲರಿ ನಾ!"

ಸುಂದ್ರವ್ವನ ಚೀಲದಲ್ಲಿ ಮೂಡಲಗಿಯಿಂದ ತಂದ ನೀರಿನ ಬಾಟಲಿ ಇತ್ತು. ಯಲ್ಲಪ್ಪ ಅದನ್ನು ತಾನೇ ಎಳೆದುಕೊಂಡು ಗಟಗಟ ಕುಡಿದ. ಅಂಗಿಯ ಮೇಲೆ ಚೆಲ್ಲಿತು, ಬಿಡಲಿಲ್ಲ. ರಾಜೇಶ್ವರಿ ಕೂಸಿನ ಕುಂಚಿಗೆಯಲ್ಲಿ ಮುಖ ಮುಚ್ಚಿಕೊಂಡು ಅತ್ತಳು, ನಕ್ಕಳು.

ಮಾಯವ್ವ ಈ ಸಲ ನೋಡಿಕೊಂಡು ನೀರು ಹಾಕಿದಳು. ರಾವಸಾಹೇಬ ಒಳಗೆ ಕಾಲಿಡಬೇಕು, ಅಷ್ಟರಲ್ಲಿ ಸುಂದ್ರವ್ವ ಚೀರಿದಳು. "ಒರಸಕೋರಿ! ಹಸಿ ಇಟ್ರ ಮತ್ತ ಬರತೈತಿ!"

ಒರೆಸಲು ಏನೂ ಸಿಗದೆ ಅವನು ಅತ್ತಿತ್ತ ನೋಡುವಾಗ, ಯಲ್ಲಪ್ಪ ತನ್ನ ಹೆಗಲ ಮೇಲಿನ ಬಿಳಿ ಟವೆಲನ್ನು ಎಳೆದು ಬೀಗನ ಹೆಬ್ಬೆರಳ ಮೇಲೆ ಹಾಕಿದ. "ಬೆರಳ ಸಂದ್ಯಾಗೂ ಒರಸಕೋರಿ. ಹೋಳಿಗಿಗೆ ಹಿಟ್ಟ ನಾದಾಕ ಹೇಳತೇನಿ."